ಬೋಜಪ್ಪಣ್ಣನ ಸೇಬಿನ ಭರಣಿ

ಮರ್ಕಂಜದ ಬೋಜಪ್ಪಣ್ಣನಿಗೆ ಅರುವತ್ತೇಳು ವರ್ಷ. ಇಷ್ಟು ವರ್ಷ ಅವರು ಮಾಡದೇ ಉಳಿದ ಒಂದು ಕೆಲಸಕ್ಕಾಗಿ ಬರುವ ಭಾನುವಾರ ಅವರಿಗೆ ಸನ್ಮಾನ. ಮದ್ಯವರ್ಜನ ಶಿಬಿರದ ಸಮಾರೋಪದಲ್ಲಿ ಶಾಲು, ಹಾರ, ಫ್ರೇಮು ಹಾಕಿದ ಮಾನಪತ್ರ. ‘ಬದುಕಿನಲ್ಲಿ ಮದ್ಯದ ಒಂದು ತೊಟ್ಟನ್ನೂ ನಾಲಗೆಗೆ ಸೋಕಿಸದವರು’ ಎಂಬ ಸಾಲು ಅದರಲ್ಲಿ ಇರಲೇಬೇಕೆಂದು ಅವರೇ ಮೂರು ಸಲ ಫೋನು ಮಾಡಿ ನೆನಪಿಸಿದ್ದರು. ಮದುವೆಮನೆಗಳಲ್ಲಿ ಲಿಂಬೆ ಶರಬತ್ತನ್ನೂ ಮೂಸಿ ನೋಡದೆ ಕುಡಿದವರಲ್ಲ. ಏನು ವಾಸನೆ ಹುಡುಕುತ್ತಿದ್ದೇನೆಂದು ಮಾತ್ರ ಅವರಿಗೇ ಗೊತ್ತಿರಲಿಲ್ಲ.

ಎಲ್ಲ ಕೆಟ್ಟದ್ದು ಹರ್ನಿಯಾದಿಂದ. ತಿಂಗಳ ಹಿಂದೆ ಸುಳ್ಯದಲ್ಲಿ ಆಪರೇಶನ್ ಆಯಿತು. ನಮ್ಮ ಕಡೆ ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಒಂದು ಕಿಲೋ ಸೇಬು ಇಲ್ಲದಿದ್ದರೆ ನೋಡಿದ್ದು ನೋಡಿದಂತಾಗುವುದಿಲ್ಲ. ಬೋಜಪ್ಪಣ್ಣನನ್ನು ನೋಡಲು ನಲವತ್ತಮೂರು ಮಂದಿ ಬಂದರು. ಪಕ್ಕದ ಮಂಚದವನಿಗೆ ಬಂದದ್ದು ಆರೇ ಮಂದಿ, ಅದರಲ್ಲಿ ಇಬ್ಬರು ಬ್ರೆಡ್ಡು ತಂದವರು. ಡಿಸ್ಚಾರ್ಜ್ ಆಗುವಾಗ ದಾದಿಯರಿಗೆ ಹಂಚಿ ಹೋಗುವ ಎಂದು ಹೆಂಡತಿ ಶೀಲಾವತಿ ಹೇಳಿದರೆ ಬೋಜಪ್ಪಣ್ಣ ಕೇಳಲಿಲ್ಲ. ಅಷ್ಟೂ ಸೇಬು ಜೀಪು ಹತ್ತಿ ಮನೆಗೆ ಬಂದವು.

ಶೀಲಾವತಿ ಸೇಬಿನ ಮೆಣಸ್ಕಾಯಿ ಮಾಡಿದರು, ಸಾಸಮೆ ಮಾಡಿದರು, ದೋಸೆಗೂ ಅರೆದು ಹಾಕಿದರು. ಐದನೇ ದಿನ ಹಟ್ಟಿಯ ದನ ಮುಖ ತಿರುಗಿಸಿತು. ಆಗ ಬೋಜಪ್ಪಣ್ಣನ ಮೊಬೈಲಿನಲ್ಲಿ ಒಬ್ಬ ಪ್ರತ್ಯಕ್ಷನಾಗಿ, ಸೇಬಿನಿಂದ ಸೈಡರ್ ಎಂಬ ಹುಳಿನೀರು ಮಾಡಿ ನಲವತ್ತು ದಿನ ಇಟ್ಟು ಕುಡಿದರೆ ಸಕ್ಕರೆ ಕಾಯಿಲೆ, ಬೊಜ್ಜು, ಮಂಡಿನೋವು ಎಲ್ಲ ಹೋಗುತ್ತದೆ ಎಂದ.

“ನಲವತ್ತು ದಿನ ಎಂತಕ್ಕೆ?” ಎಂದರು ಬೋಜಪ್ಪಣ್ಣ. “ಅವನಿಗೆ ಕ್ರಮ ಗೊತ್ತಿಲ್ಲ.”

ಕ್ರಮ ಇವರಿಗೆ ಗೊತ್ತಿತ್ತು. ತೋಟಕ್ಕೆ ಜೀವಾಮೃತ ಮಾಡುವ ತರಬೇತಿಗೆ ಎರಡು ದಿನ ಹೋಗಿ ಸರ್ಟಿಫಿಕೇಟು ತಂದವರಲ್ಲವೇ? ಸೆಗಣಿ, ಗಂಜಲ, ದ್ವಿದಳದ ಹಿಟ್ಟು ಬಿಟ್ಟು ಉಳಿದದ್ದೆಲ್ಲ ಅದೇ ಶಾಸ್ತ್ರ. ಹಲಸಿನ ಉಪ್ಪುಸೊಳೆ ಹಾಕುವ ದೊಡ್ಡ ಭರಣಿಗೆ ಜಜ್ಜಿದ ಸೇಬು, ನಾಲ್ಕು ಅಚ್ಚು ಬೆಲ್ಲ, ನೀರು. ಬಾಯಿಗೆ ಗೋಣಿ. ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ಕೋಲಿನಿಂದ ಬಲಕ್ಕೆ ತಿರುಗಿಸುವುದು. ನಾಲ್ಕನೇ ದಿನ ಭರಣಿ ಗೊಣಗತೊಡಗಿತು. ಏಳನೇ ದಿನದಿಂದ ಶೀಲಾವತಿ ‘ಹದ ನೋಡಲು’ ಸಂಜೆಗೊಂದು ಲೋಟ ತೆಗೆಯತೊಡಗಿದರು. ಅವರ ಮಂಡಿನೋವು ನಿಂತಿತು. ಹಟ್ಟಿಯಿಂದ ಹಾಡು ಕೇಳತೊಡಗಿತು. ಔಷಧ ಹಿಡಿದಿದೆ ಎಂದು ಬೋಜಪ್ಪಣ್ಣ ಬೀಗಿದರು.

ಒಂಬತ್ತನೇ ದಿನ ಮಧ್ಯಾಹ್ನ, ಮಾನಪತ್ರದ ಕರಡು ಹಿಡಿದುಕೊಂಡು ಶಿಬಿರ ಸಮಿತಿಯ ಅಧ್ಯಕ್ಷರಾದ ನಿವೃತ್ತ ಹರಿಪ್ರಸಾದ್ ಮಾಷ್ಟ್ರು ಬಂದರು. ಜೊತೆಗೆ ಕಾರ್ಯದರ್ಶಿ ದೇರಣ್ಣ. ಹನ್ನೆರಡು ವರ್ಷದ ಹಿಂದೆ ಊರಿನ ಮೊದಲ ಶಿಬಿರದಲ್ಲಿ ಕುಡಿತ ಬಿಟ್ಟ ದೇರಣ್ಣ ಮತ್ತೆ ಮುಟ್ಟಿದವನಲ್ಲ. ಭರಣಿಯ ಔಷಧ ತುಂಬಿ ಹೂಜಿಯ ಹಿಂದೆ ಹೂಜಿ ಬಂತು. ದೇರಣ್ಣ ಗದ್ದೆಬದಿಯಲ್ಲಿ ಫೋನಿನಲ್ಲಿ ಶಾಮಿಯಾನದವನೊಟ್ಟಿಗೆ ಜಗಳ ಮುಗಿಸಿ ಜಗಲಿ ಹತ್ತುವಷ್ಟರಲ್ಲಿ ಉಳಿದಿಬ್ಬರಿಗೂ ಮೂರು ಮೂರು ಲೋಟ ಆಗಿತ್ತು.

“ಅಮೃತ ಮಾರಾಯ್ರೆ,” ಎಂದರು ಮಾಷ್ಟ್ರು. “ಮೂಗಿನ ಒಳಗೆ ಯಾರೋ ಕಚಗುಳಿ ಇಟ್ಟ ಹಾಗೆ ಆಗ್ತದೆ.”

“ಅದು ಸೂಕ್ಷ್ಮಾಣು,” ಎಂದರು ಬೋಜಪ್ಪಣ್ಣ ಗಂಭೀರವಾಗಿ. ಆ ಗಂಭೀರ ಮುಖ ನೋಡಿ ಮಾಷ್ಟ್ರು ನಗತೊಡಗಿದರು. ಅವರ ನಗು ನೋಡಿ ಬೋಜಪ್ಪಣ್ಣನೂ ಶುರುಮಾಡಿದರು. ಹೊಲಿಗೆ ಹಾಕಿದ ಜಾಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನಗಿಸಬೇಡಿ ಮಾಷ್ಟ್ರೆ, ಬಿಚ್ಚಿ ಹೋದರೆ ಪುನಃ ನಲವತ್ತಮೂರು ಕಿಲೋ ಬರ್ತದೆ” ಎನ್ನುತ್ತ ಕಂಬಕ್ಕೆ ಒರಗಿದರು.

ದೇರಣ್ಣ ತನ್ನ ಲೋಟವನ್ನು ಮೂಗಿನವರೆಗೆ ತಂದ. ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದವನನ್ನು ಕಂಡವನಂತೆ ಒಂದು ಕ್ಷಣ ನಿಂತ. ಲೋಟವನ್ನು ದಾಸವಾಳದ ಬುಡಕ್ಕೆ ಬಗ್ಗಿಸಿದ.

“ಬೋಜಪ್ಪಣ್ಣ, ಇದಕ್ಕೆ ಎಂತ ಹಾಕಿದ್ದೀರಿ?”

“ಸೇಬು, ಬೆಲ್ಲ. ಬಲಕ್ಕೆ ತಿರುಗಿಸಿದ್ದು. ಒಂಬತ್ತು ದಿನ ಆಯ್ತು.”

“ನಾನು ಹಿಂದೆ ಗೇರುಹಣ್ಣಿನಲ್ಲಿ ಮಾಡುತ್ತಿದ್ದದ್ದು ಇದನ್ನೇ. ಎಡಕ್ಕೆ ತಿರುಗಿಸ್ತಿದ್ದೆ, ಅಷ್ಟೇ ವ್ಯತ್ಯಾಸ.”

ಬೋಜಪ್ಪಣ್ಣನ ನಗು ಅರ್ಧಕ್ಕೆ ನಿಂತಿತು. ಭಾನುವಾರದ ಶಾಲು ಹೆಗಲಿನಿಂದ ಜಾರಿದಂತಾಗಿ ತೋಳು ಮುಟ್ಟಿ ನೋಡಿಕೊಂಡರು. ಮಾಷ್ಟ್ರು ಮಾತ್ರ ಇದ್ಯಾವುದೂ ಕೇಳದೆ ಮಾನಪತ್ರವನ್ನು ಸಭೆಯ ಸ್ವರದಲ್ಲಿ ಓದುತ್ತಿದ್ದರು. “ಒಂದು ತೊಟ್ಟನ್ನೂ” ಎಂಬಲ್ಲಿಗೆ ಬಂದಾಗಲೆಲ್ಲ ನಗು ಉಕ್ಕಿ ಮತ್ತೆ ಮೊದಲಿನಿಂದ.

“ದೇರಣ್ಣ,” ಎಂದರು ಬೋಜಪ್ಪಣ್ಣ ಮೆಲ್ಲಗೆ, “ಇದು ನಮ್ಮೊಳಗೇ ಇರಲಿ.”

“ನಾನು ಯಾರಿಗೂ ಹೇಳುದಿಲ್ಲ ಅಣ್ಣ. ಆದರೆ ಆ ಸಾಲು ಓದುವಾಗ ನಾನೂ ಸ್ಟೇಜಿನಲ್ಲಿರ್ತೇನೆ. ನೀವು ನನ್ನ ಕಡೆ ನೋಡಬೇಡಿ, ಆಯ್ತಾ.”

ಬೋಜಪ್ಪಣ್ಣ ಮಾಷ್ಟ್ರ ಕೈಯಿಂದ ಕಾಗದ ಕಿತ್ತುಕೊಂಡು, ಅವರದೇ ಕಿಸೆಯ ಪೆನ್ನು ಎಳೆದು, ‘ಮದ್ಯದ’ ಎಂಬುದಕ್ಕಿಂತ ಮೊದಲು ‘ಗೊತ್ತಿದ್ದು’ ಎಂದು ಸೇರಿಸಿದರು. ಅಕ್ಷರ ಸ್ವಲ್ಪ ಬಲಕ್ಕೆ ವಾಲಿತ್ತು.

“ಈಗ ನೋಡಬಹುದಾ?”

“ಈಗ ಎಷ್ಟು ಬೇಕಾದ್ರೂ ನೋಡಿ,” ಎಂದ ದೇರಣ್ಣ. ಅಲ್ಲಿಯವರೆಗೆ ತಡೆದಿದ್ದ ಅವನ ನಗುವೂ ಹೊರಬಿತ್ತು. ಒಂದು ಹನಿಯೂ ಕುಡಿಯದವನು ಕುಡಿದ ಇಬ್ಬರಿಗಿಂತ ಜೋರಾಗಿ ನಕ್ಕ.

ಹೂಜಿಯ ತಳದಲ್ಲಿ ಇನ್ನೂ ಒಂದು ಲೋಟದಷ್ಟಿತ್ತು. ಬೋಜಪ್ಪಣ್ಣನ ಕೈ ಅಭ್ಯಾಸಬಲದಿಂದ ಅತ್ತ ಹೊರಟದ್ದು, ಕಾಗದದ ಮೇಲಿನ ಒಣಗದ ಅಕ್ಷರ ಕಂಡು ನಡುವೆಯೇ ನಿಂತಿತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಶೀಲಾವತಿ ಬಂದು ಹೂಜಿ ಎತ್ತಿಕೊಂಡರು.

“ಹೇಗೂ ನಂಗೆ ಯಾರೂ ಮಾನಪತ್ರ ಕೊಡುದಿಲ್ಲವಲ್ಲ,” ಎಂದು ಲೋಟ ತುಂಬಿಸಿಕೊಂಡು, ಮಂಡಿ ಮಡಚಿ, ಜಗಲಿಯ ಮೆಟ್ಟಿಲಲ್ಲಿ ಆರಾಮವಾಗಿ ಕುಳಿತರು.