ಹನ್ನೊಂದು ದಿನ ನಾನೇ ಓಡಿಸಿದ ಕಾರು

ಯಾರಾದರೂ ನನ್ನ ರಟ್ಟೆ ಹಿಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರನ್ನು ಬಾಡಿಗೆಗೆ ಗೊತ್ತು ಮಾಡುವುದೋ ಸ್ವಂತದ್ದು ತಗೊಳ್ಳುವುದೋ ಎಂದು ನಮ್ಮ ಮನೆಯಲ್ಲಿ ಎರಡು ತಿಂಗಳು ಚರ್ಚೆ ನಡೆಯಿತು. ಪೆಟ್ರೋಲ್ ಬಂತು, ಇನ್ಶೂರೆನ್ಸ್ ಬಂತು, ಟೈರ್ ಎಷ್ಟು ವರ್ಷ ಬಾಳುತ್ತದೆ ಎಂಬುದೂ ಬಂತು. ನನ್ನ ರಟ್ಟೆಯ ವಿಷಯ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಮೂರು ವರ್ಷದವಳಿದ್ದಾಗ ಬಂದ ಜ್ವರ ನನ್ನ ಬಲಗಾಲನ್ನು ಪೂರ್ತಿ, ಎಡಗಾಲನ್ನು ಅರ್ಧ ತಿಂದು ಹೋಯಿತು. ಬಲಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ನಡೆಯುತ್ತೇನೆ. ಮದುವೆಯಾಗಲಿಲ್ಲ. ಬೆಟಗೇರಿಯ ಮನೆಯಲ್ಲಿ ಅವ್ವ, ಅಣ್ಣ, ವೈನಿ, ಅವರ ಒಬ್ಬನೇ ಮಗ ಮತ್ತು ನಾನು. ಕೆಲಸ ಮುಂಡರಗಿಯ ಹೈಸ್ಕೂಲಿನಲ್ಲಿ. ಗಣಿತ ಕಲಿಸುತ್ತೇನೆ, ಕಲಿಯದವರಿಗೆ ಬೈಯುತ್ತೇನೆ.

ಹದಿನಾಲ್ಕು ವರ್ಷ ಬಸ್ಸಿನಲ್ಲೇ ಹೋದೆ. ಗದಗ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವಾಗ ಕೆಳಗಿನಿಂದ ಒಬ್ಬರು ನೂಕುವುದು, ಮೇಲಿನಿಂದ ಇನ್ನೊಬ್ಬರು ರಟ್ಟೆ ಹಿಡಿದು ಎಳೆಯುವುದು. ಜೋಳದ ಚೀಲ ಏರಿಸುವವರು ಕೂಡ ಚೀಲ ಹರಿಯದಂತೆ ನೋಡಿಕೊಳ್ಳುತ್ತಾರೆ. ಎಳೆದವರು ಆಮೇಲೆ ಡಂಬಳ ಬರುವವರೆಗೂ ಕೇಳುತ್ತಿದ್ದರು, ಹುಟ್ಟಾ ಹಿಂಗೇನ್ರಿ, ಔಷಧ ಮಾಡಸಲಿಲ್ಲೇನ್ರಿ ಅಂತ. ಸೊಂಟದ ನೋವು ಶುರುವಾದಾಗ ಡಾಕ್ಟರು ಇನ್ನು ಬಸ್ಸು ಸಾಕು ಎಂದರು. ಹಾಗೆ ನಮ್ಮ ಓಣಿಯ ಒಬ್ಬ ಡ್ರೈವರನ ಕಾರು ತಿಂಗಳ ಬಾಡಿಗೆಗೆ ಗೊತ್ತಾಯಿತು.

ಆ ಡ್ರೈವರ್ ಕೆಟ್ಟವನಲ್ಲ. ಅದೇ ನನ್ನ ದೊಡ್ಡ ತೊಂದರೆ, ಬೈಯಲಿಕ್ಕೂ ಬರುವುದಿಲ್ಲ. ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿ, ಓಡಿ ಬಂದು ಬಾಗಿಲು ತೆಗೆದು, ನನ್ನ ರಟ್ಟೆಗೆ ಕೈ ಹಾಕುತ್ತಿದ್ದ.

"ಬಿಡೋ ಮಾರಾಯಾ, ನಾನ ಇಳೀತೀನಿ."

"ಇರ್ಲಿ ಬಿಡ್ರಿ ಅಕ್ಕೋರ. ಬಿದ್ದು ಗಿದ್ದೀರಿ. ಆಮ್ಯಾಲೆ ನಿಮ್ಮ ಅಣ್ಣಾರು ನನ್ನ ಕೇಳ್ತಾರ."

ಅಣ್ಣ ಕೇಳುತ್ತಾನಂತೆ! ಬಾಡಿಗೆ ಕೊಡುವವಳು ನಾನು. ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದವು. ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಗೆಳತಿಯ ಕೈಗೆ ರಟ್ಟೆ ಕೊಟ್ಟು, ನನ್ನ ಹಾಗೆ ಕುಂಟುತ್ತ ಇಳಿಯುವುದನ್ನು ಆಡಿ ತೋರಿಸಿದ್ದನ್ನು ಕಿಟಕಿಯಿಂದ ಕಂಡೆ. ಚೆನ್ನಾಗಿಯೇ ಮಾಡಿದಳು.

ಇನ್ನು ಲಗ್ನದ ಸೀಜನ್. ನಮ್ಮ ಕಡೆ ಲಗ್ನದ ಬಾಡಿಗೆ ಬಂದರೆ ಉಳಿದ ಯಾವ ಬಾಡಿಗೆಯೂ ಬಾಡಿಗೆಯಲ್ಲ, ತಿಂಗಳ ಗಿರಾಕಿ ತಾನೇ ಅರ್ಥ ಮಾಡಿಕೊಳ್ಳಬೇಕು. ಮುಂಜಾನೆ ಎಂಟಕ್ಕೆ ಫೋನು ಬರುತ್ತಿತ್ತು. "ಅಕ್ಕೋರ, ಲಕ್ಷ್ಮೇಶ್ವರಕ್ಕ ನಿಬ್ಬಣ ಐತ್ರಿ. ಇವತ್ತೊಂದಿನ ಬಸ್ಸಿಗೆ ಹೋಗ್ರಲಾ." ಪರೀಕ್ಷೆಯ ದಿನವೂ ಹೀಗಾಯಿತು. ಹೆಡ್‌ಮಾಸ್ತರರು ಎಲ್ಲರ ಮುಂದೆ ಗಡಿಯಾರ ನೋಡಿದರು.

ಆಗಲೇ ನಾನು ಮನೆಯಲ್ಲಿ ಬಾಯಿ ಬಿಟ್ಟೆ, ಸ್ವಂತದ್ದು ತಗೊಳ್ಳೋಣ ಅಂತ.

"ಹುಚ್ಚಿ ಅದಿಯೇನು?" ಎಂದ ಅಣ್ಣ. "ಬಾಡಿಗಿನ ಛಲೋ. ರಿಪೇರಿ ಅವನ್ದು, ಡ್ರೈವರ್ ಅವನ. ಕೆಟ್ರ ಅವ ನೋಡ್ಕೋತಾನ. ಸ್ವಂತದ್ದು ತಗೊಂಡ್ರ ಓಡ್ಸಾವ್ರು ಯಾರು?"

"ನಾನು."

ಅಣ್ಣ ನಕ್ಕ. ವೈನಿ ನಕ್ಕಳು. ಅವ್ವ ಬಿಡಿಸುತ್ತಿದ್ದ ಬೆಳ್ಳುಳ್ಳಿ ಕೆಳಗಿಟ್ಟು ನನ್ನ ಕಾಲು ನೋಡಿದಳು. ಅಣ್ಣನ ಮಗ ಮಾತ್ರ ಫೋನಿನಲ್ಲಿ ಹುಡುಕಿ, "ಅತ್ತೀ, ದೊಡ್ಡ ದೊಡ್ಡ ಊರಾಗ ಕಂಪನಿಯವರು ಮೂರು ವರ್ಷಕ್ಕ ಲೀಸಿಗೆ ಕೊಡ್ತಾರಂತ. ತಿಂಗಳಾ ತಿಂಗಳಾ ಕಟ್ಟೋದು, ಕಡೀಕ ಗಾಡಿ ವಾಪಸ್ ಕೊಡೋದು" ಎಂದ. ಅಣ್ಣನಿಗೆ ಇದು ಹಿಡಿಸಿತು. ಹೊಲವನ್ನು ಲಾವಣಿಗೆ, ಗೇಣಿಗೆ ಹಿಡಿದ ಹಾಗೆ, ಬೇಡವಾದರೆ ಬಿಟ್ಟು ಎದ್ದು ಬರಬಹುದು ಎಂದ.

ನನಗೆ ಅಷ್ಟು ಹೊತ್ತಿಗೆ ಒಂದು ಗುಟ್ಟಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಅಂಗವಿಕಲರ ಸರ್ಟಿಫಿಕೇಟ್ ನವೀಕರಿಸುವ ಪಾಳಿಯಲ್ಲಿ ನನ್ನ ಮುಂದೆ ಕುರ್ತಕೋಟಿಯ ಒಬ್ಬ ಟೇಲರ್ ನಿಂತಿದ್ದರು. ಅವರ ಎರಡೂ ಕಾಲು ನನ್ನವಕ್ಕಿಂತ ಕಡೆ. ಆದರೆ ಹೊರಗೆ ಬಂದವರೇ ತಾವೇ ಕಾರು ಓಡಿಸಿಕೊಂಡು ಹೊರಟರು. ನಾನು ನಾಚಿಕೆ ಬಿಟ್ಟು ಅಡ್ಡ ನಿಂತೆ. ಸ್ಟೇರಿಂಗಿನ ಕೆಳಗೆ ಒಂದು ಕೈ ಹಿಡಿಕೆ ಇತ್ತು. ಒತ್ತಿದರೆ ಬ್ರೇಕು, ಎಳೆದರೆ ವೇಗ. ಗೇರು ತಾನೇ ಬದಲಾಗುವ ಗಾಡಿ, ಕಾಲಿನ ಕೆಲಸವೇ ಇಲ್ಲ. ಪೆಡಲುಗಳೂ ಇದ್ದ ಹಾಗೇ ಇರುತ್ತವೆ, ಕಾಲಿದ್ದವರೂ ಓಡಿಸಬಹುದು. "ಬರ್ರಿ ಅಕ್ಕೋರ, ಐತವಾರ ಬರ್ರಿ, ಕಲಸ್ತೀನಿ" ಎಂದರು. ಶಾಲೆಯ ಕೆಲಸ ಎಂದು ಸುಳ್ಳು ಹೇಳಿ ಏಳು ಐತವಾರ ಹೋದೆ. ಎರೆಹೊಲದ ನಡುವಿನ ದಾರಿಯಲ್ಲಿ, ಅವರ ಹೆಂಡತಿ ಹಿಂದಿನ ಸೀಟಿನಲ್ಲಿ ಕುಳಿತು "ಎಳೀರಿ, ಎಳೀರಿ, ಹೆದರಬ್ಯಾಡ್ರಿ" ಎನ್ನುತ್ತಿರುವಾಗ, ನಾನು ನಲವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ನಡಿಗೆಗಿಂತ ಜೋರಾಗಿ ಹೋದೆ. ಯಾರೂ ನನ್ನನ್ನು ಒಯ್ಯುತ್ತಿರಲಿಲ್ಲ. ಏಳನೇ ವಾರ ಕಣಗಿನಹಾಳದ ತನಕ ಹೋಗಿ ಬಂದು, ಅವರ ಅಂಗಳದಲ್ಲಿ ಕುಳಿತು ಅತ್ತೆ. ಟೇಲರ್ ನೋಡದವರ ಹಾಗೆ ಮಶೀನಿಗೆ ಎಣ್ಣೆ ಬಿಡುತ್ತಿದ್ದರು.

ಆದ್ದರಿಂದ ಲೀಸಿನ ಕಂಪನಿಗೆ ನಾನೇ ಫೋನು ಮಾಡಿದೆ. ಆ ಕಡೆಯ ಹುಡುಗಿ ಸಕ್ಕರೆಯಂಥ ದನಿಯಲ್ಲಿ ಎಲ್ಲ ಹೇಳಿದಳು. ಹಿಡಿಕೆಯ ಮಾತು ತೆಗೆದ ಕೂಡಲೇ, "ಇಲ್ಲ ಮೇಡಂ, ಗಾಡಿ ಕಂಪನಿಯದು. ನೀವು ಒಂದು ಬೋಲ್ಟ್ ಕೂಡ ಹಾಕುವಂತಿಲ್ಲ" ಎಂದಳು. ಅವತ್ತೇ ನನ್ನ ತೀರ್ಮಾನವಾಯಿತು. ಬಾಡಿಗೆಯದೂ ಬೇಡ, ಲೀಸಿನದೂ ಬೇಡ. ಸ್ವಂತ ಗಾಡಿಗೆ ಬೋಲ್ಟ್ ಹಾಕಲು ಯಾರ ಅಪ್ಪಣೆ ಬೇಕು? ಹೀಗೆ ತಿಳಿದಿದ್ದೆ ನಾನು, ಗಣಿತದ ಟೀಚರ್.

ನನ್ನ ಉಳಿತಾಯ, ನನ್ನ ಪಗಾರದ ಮೇಲಿನ ಸಾಲ, ನನ್ನ ಹೆಸರು. ಕಾರು ಬಂತು. ಅಣ್ಣ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು, ತಾನೇ ಮೊದಲು ಓಡಿಸಿಕೊಂಡು ಓಣಿ ಸುತ್ತಿ ಬಂದ. ಹುಬ್ಬಳ್ಳಿಯ ಮೆಕ್ಯಾನಿಕ್ ಬಂದು ಒಂದು ಮಧ್ಯಾಹ್ನದಲ್ಲಿ ನಾಲ್ಕು ಬೋಲ್ಟಿನಿಂದ ಹಿಡಿಕೆ ಕೂರಿಸಿದ. ಕಾಗದಪತ್ರ ಆಯಿತು, ಪರೀಕ್ಷೆ ಕೊಟ್ಟೆ, ಲೈಸೆನ್ಸ್ ಬಂತು. ಮರುದಿನ ಮುಂಜಾನೆ ನಾನೇ ಮುಂಡರಗಿಗೆ ಹೊರಟೆ.

ಹನ್ನೊಂದು ದಿನ. ಶಾಲೆಯ ಗೇಟಿನಲ್ಲಿ ನಾನೇ ಬಾಗಿಲು ತೆಗೆದು, ನಾನೇ ಕಾಲು ಹೊರಗಿಟ್ಟು, ಊರುಗೋಲು ಎಳೆದುಕೊಂಡು ಇಳಿಯಲು ಪೂರಾ ಮೂರು ನಿಮಿಷ ಬೇಕಾಗುತ್ತಿತ್ತು. ಆ ಮೂರು ನಿಮಿಷ ಯಾರೂ ನನ್ನನ್ನು ಮುಟ್ಟಲಿಲ್ಲ. ಆಡಿ ತೋರಿಸಿದ್ದ ಹುಡುಗಿ ಬಂದು, "ಅಕ್ಕೋರ, ಇದನ್ನ ಹೆಂಗ ಓಡಸ್ತೀರಿ?" ಎಂದು ಕೇಳಿದಳು. ಒಳಗೆ ಕೂರಿಸಿಕೊಂಡು ತೋರಿಸಿದೆ. ಒಂದು ಸಂಜೆ ಅವ್ವನನ್ನು ಲಕ್ಷ್ಮೇಶ್ವರಕ್ಕೆ ಕರೆದೊಯ್ದೆ. ಹೋಗುವಾಗ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತ ಕುಳಿತವಳು, ಬರುವಾಗ ಪೊಟ್ಟಣದಿಂದ ಗಿರ್ಮಿಟ್ ತಿನ್ನುತ್ತ, "ಕುದುರಿ ಹೋದಂಗ ಹೋಗ್ತೈತಲ್ಲಬೇ ನಿನ್ನ ಗಾಡಿ!" ಎಂದಳು. ಅವ್ವ ನನ್ನ ಯಾವುದನ್ನಾದರೂ ಮೆಚ್ಚಿ ಮಾತಾಡಿದ್ದು ನನಗೆ ನೆನಪಿರುವುದು ಅದೊಂದೇ ಸಲ.

ಈ ಹನ್ನೊಂದು ದಿನಗಳ ನಡುವೆ ಒಂದು ಐತವಾರ ಬಂತು. ಅಣ್ಣನ ಮಗನಿಗೆ ಕನ್ಯೆ ನೋಡಲು ಎಲ್ಲರೂ ಶಿರಹಟ್ಟಿಗೆ ಹೊರಟೆವು. ಸ್ವಂತ ಕಾರಿನಲ್ಲಿ ಹೋದರೆ ತೂಕ ಬೇರೆ ಎಂದು ಅಣ್ಣನೇ ಓಡಿಸಿದ, ನಾನು ಹಿಂದೆ ಕುಳಿತೆ. ಉಪ್ಪಿಟ್ಟು, ಚಹಾ, ಎಲ್ಲ ಚೆನ್ನಾಗಿಯೇ ಆಯಿತು. ಕಳಿಸಲು ಹೊರಗೆ ಬಂದ ಹುಡುಗಿಯ ಅಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿ, ಕಿಟಕಿಯಲ್ಲಿ ಬಗ್ಗಿದರು.

"ಇದೇನ್ರಿ ಇಲ್ಲಿ, ಕೋಲಿನಂಗ?"

ಅಣ್ಣ ತಡವರಿಸಿದ. "ನಮ್ಮ ತಂಗೀದ್ರಿ. ಆಕಿ ಓಡ್ಸಾಕಂತ ಹಾಕ್ಸೀವಿ."

ಅವರು ನನ್ನನ್ನು ನೋಡಿದರು. ಮನೆಯೊಳಗೆ ನಾನು ಗೋಡೆಗೆ ಒರಗಿ ಕುಳಿತಿದ್ದೆ, ಸೀರೆಯ ಕೆಳಗಿನ ಕಬ್ಬಿಣ ಅವರಿಗೆ ಕಂಡಿರಲಿಲ್ಲವೇನೋ. "ಮನಿತನದಾಗ ಐತೇನ್ರಿ ಇದು?" ಎಂದು ಕೇಳಿದರು. ಅಣ್ಣ ಜ್ವರದ ಕಥೆ ಹೇಳಿದ. ಅವರು ತಲೆಯಾಡಿಸಿ, ಖಬರ ಕಳಸ್ತೀವಿ ಎಂದರು. ಖಬರ ಬರಲಿಲ್ಲ.

ಮುಂದಿನ ಐತವಾರ ಲಕ್ಷ್ಮೇಶ್ವರದ ಕನ್ಯೆ. ಮುಂಜಾನೆ ಚಹಾ ಕುಡಿಯುತ್ತಿದ್ದೆ, ಅಂಗಳದಲ್ಲಿ ಬೋಲ್ಟ್ ತಿರುಗಿಸುವ ಪಾನಾದ ಸದ್ದು. ಹೋಗಿ ನೋಡಿದರೆ ಅಣ್ಣ ಸ್ಟೇರಿಂಗಿನ ಕೆಳಗೆ ತಲೆ ಹಾಕಿ ಮಲಗಿದ್ದ. ಮೂರು ಬೋಲ್ಟ್ ಆಗಲೇ ನೆಲದ ಮೇಲಿದ್ದವು.

"ಏನ್ ಮಾಡಾಕತ್ತಿ ಅಣ್ಣಾ?"

"ಇವತ್ತೊಂದಿನದ ಮಾತು. ಸಂಜಿಮುಂದ ಮತ್ತ ಹಾಕ್ತೀನಿ."

"ಅದು ಇದ್ರೂ ನೀ ಓಡಸ್ಬೋದಲ್ಲ. ಹೋದ ವಾರ ಓಡಸ್ಲಿಲ್ಲೇನು?"

"ಓಡ್ಸೋದಲ್ಲ ಲೇ. ನೋಡಾವ್ರ ಕಣ್ಣಿಗೆ ಯಾಕ?"

"ಹಂಗಾರ ನನ್ನ ಕಾಲೂ ಬಿಚ್ಚಿ ಅಟ್ಟದ ಮ್ಯಾಲೆ ಇಟ್ಟು ಹೋಗ್ರಿ!" ಎಂದು ಓಣಿಗೆಲ್ಲ ಕೇಳುವ ಹಾಗೆ ಚೀರಿದೆ. ಅಣ್ಣ ನಾಲ್ಕನೇ ಬೋಲ್ಟ್ ತಿರುಗಿಸಿದ. ಅವ್ವ ಬಂದಳು. ಗಿರ್ಮಿಟ್ ತಿಂದು ಕುದುರೆ ಎಂದಿದ್ದ ಅವ್ವನೇ. "ಹುಡುಗನ ಲಗ್ನ ಆಗೂ ತನಕ ಇರ್ಲಿ ಬಿಡವಾ. ನಿನಗ ಕೈ ಮುಗೀತೀನಿ" ಎಂದು ಖರೆಯಾಗಿಯೂ ಕೈ ಮುಗಿದಳು. ತಾಯಿ ಕೈ ಮುಗಿದರೆ ಏನು ಹೇಳಬೇಕು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ವೈನಿ ಹೊಸ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, "ನೀವು ಇವತ್ತ ದಣಕೋಬ್ಯಾಡ್ರಿ, ಮನ್ಯಾಗ ಇರ್ರಿ" ಎಂದಳು. ನನ್ನ ಕಾರು ನನ್ನನ್ನು ಬಿಟ್ಟು ಲಕ್ಷ್ಮೇಶ್ವರಕ್ಕೆ ಹೋಯಿತು. ಅಣ್ಣ ಹಿಡಿಕೆಯನ್ನು ಪೇಪರಿನಲ್ಲಿ ಸುತ್ತಿ ನನ್ನ ಮಡಿಲಲ್ಲಿ ಇಟ್ಟು ಹೋದ.

ಆ ಸಂಬಂಧ ಕುದುರಿತು. ಸಂಜೆ ಪೇಡೆ ತಂದರು, ಹಿಡಿಕೆ ಹಾಕಲಿಲ್ಲ. ಬೀಗರು ಬರುತ್ತಾ ಹೋಗುತ್ತಾ ಇರುತ್ತಾರೆ, ತಡಿ ಎಂದರು. ರಜೆ ಬರುವವರೆಗೆ ಹೇಗೋ ಬಸ್ಸಿನಲ್ಲೇ ಶಾಲೆಗೆ ಹೋದೆ. ನಿಶ್ಚಯಕ್ಕೆ ತಡೆದೆ, ಲಗ್ನಕ್ಕೆ ತಡೆದೆ. ಲಗ್ನದ ದಿನ ನನ್ನ ಕಾರಿಗೆ ಸೇವಂತಿಗೆ ಹೂ ಸುತ್ತಿ ಮದುಮಕ್ಕಳನ್ನು ಕೂರಿಸಿದರು. ನಾನು ಬಾಡಿಗೆ ವ್ಯಾನಿನಲ್ಲಿ ಹೋದೆ. ಹತ್ತುವಾಗ ಇಬ್ಬರು ರಟ್ಟೆ ಹಿಡಿದರು.

ಲಗ್ನ ಮುಗಿದು ತಿಂಗಳಾದ ಮೇಲೆ ಕೇಳಿದೆ. ಅಣ್ಣ ಈ ಸಲ ಬೇರೆ ಹಾಡು ಹಾಡಿದ. "ಬಿಚ್ಚೂದು ಹಾಕೂದು ಮಾಡಿದ್ರ ತೂತು ದೊಡ್ಡವಾಗ್ತಾವ. ನಾಳೆ ಮಾರಾಕ ಹೋದ್ರ ರೇಟ್ ಬರಂಗಿಲ್ಲ." ಯಾರು ಮಾರುತ್ತಾರೆ, ಯಾವಾಗ ಮಾರುತ್ತಾರೆ? ನಾನಂತೂ ಮಾರುವ ಮಾತೇ ಆಡಿರಲಿಲ್ಲ. ಹುಬ್ಬಳ್ಳಿಯ ಮೆಕ್ಯಾನಿಕನನ್ನು ನಾನೇ ಒಂದು ಸಲ ಕರೆಸಿದೆ. ಅವನು ಬಂದ ದಿನ ಹೊಸ ಸೊಸೆಯನ್ನು ತವರಿಗೆ ಬಿಡಲು ಕಾರು ಹೋಗಿತ್ತು. ಚಹಾ ಕುಡಿದು, ಹೋಗಿ ಬರುವ ಖರ್ಚು ತಗೊಂಡು ಎದ್ದ. ಎರಡನೇ ಸಲ ನಾನು ಕರೆಸಲಿಲ್ಲ. ಸಿಟ್ಟು ಅಣ್ಣನ ಮೇಲಿದೆ, ಅವ್ವನ ಮೇಲಿದೆ. ಆದರೆ ಅರವತ್ತು ಮಕ್ಕಳನ್ನು ಒಂದು ಕೂಗಿಗೆ ಕೂರಿಸುವ ನಾನು ನಾಲ್ಕು ಬೋಲ್ಟಿಗಾಗಿ ಮನೆಯಲ್ಲಿ ಎರಡನೇ ಸಲ ಚೀರಲಿಲ್ಲವಲ್ಲ, ಆ ಸಿಟ್ಟು ಇವೆಲ್ಲಕ್ಕಿಂತ ದೊಡ್ಡದು. ಹಿಡಿಕೆ ನನ್ನ ಕಪಾಟಿನಲ್ಲಿ ಹಳೆಯ ಕಾಲುಪಟ್ಟಿಗಳ ಜೊತೆ ಇದೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಸೊಂಟ ಬಸ್ಸಿಗೆ ಒಪ್ಪಲಿಲ್ಲ. ಓಣಿಯ ಡ್ರೈವರನಿಗೇ ಮತ್ತೆ ಫೋನು ಮಾಡಿದೆ. ಅವನು ದಾರಿಯಲ್ಲಿ ಸುಮ್ಮನಿರಲಾರದೆ ಕೇಳಿದ.

"ಅಕ್ಕೋರ, ಸ್ವಂತ ಕಾರ್ ತಗೊಂಡೀರಿ, ನೀವ ಓಡಸ್ತಿದ್ರಿ ಅಂತ ಕೇಳಿದ್ದೆ. ಖರೆ ಏನ್ರಿ?"

"ಖರೆ."

"ಮತ್ತ ಎಲ್ಲೈತ್ರಿ?"

"ಮನ್ಯಾಗ ಐತಿ. ಎಲ್ಲಾರಿಗೂ ಬೇಕಾಗ್ತೈತಿ."

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಮಳೆಯ ಮಾತು ತೆಗೆದ. ಮೊದಲೇ ಹೇಳಿದೆನಲ್ಲ, ಕೆಟ್ಟವನಲ್ಲ. ಶಾಲೆಯ ಗೇಟು ಬಂತು. ಮಕ್ಕಳು ಸಾಲಾಗಿ ನಿಂತಿದ್ದರು, ಆ ಹುಡುಗಿಯೂ ಇದ್ದಳು, ಈಗ ಒಂಬತ್ತನೇ ಇಯತ್ತೆ. ನಾನು ಯಾವ ಸೀಟಿನಿಂದ ಇಳಿಯುತ್ತೇನೆಂದು ಅವಳು ನೋಡುತ್ತಿದ್ದಳು. ಡ್ರೈವರ್ ಸುತ್ತಿ ಬಂದು ಹಿಂದಿನ ಬಾಗಿಲು ತೆಗೆದ. ಹಳೆಯದು ನೆನಪಾಯಿತೋ ಏನೋ, ಈ ಸಲ ಕೈ ಹಾಕದೆ ಒಂದು ಹೆಜ್ಜೆ ಹಿಂದೆ ಸರಿದು ನಿಂತು, "ನೀವ ಇಳೀತೀರೇನ್ರಿ ಅಕ್ಕೋರ?" ಎಂದ.

ನಾನೇ ರಟ್ಟೆ ಮುಂದೆ ಮಾಡಿದೆ.