ಎರಡು ತುಂಡಾದ ನನ್ನ ಭಾಷಣ

ಖಾನಾಪುರದ ಕಡೆ ಸಭೆಯಲ್ಲಿ ನಾವು ಒಂದೇ ಮಾತನ್ನು ಎರಡು ಸಲ ಹೇಳುತ್ತೇವೆ, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. ಮುಂದೆ ಕೂತ ಯಾವ ಅಜ್ಜಿಗೂ ತಿಳಿಯದೆ ಉಳಿಯಬಾರದು, ಅಷ್ಟೇ. ಗ್ರಾಮ ಪಂಚಾಯಿತಿ ಸದಸ್ಯೆಯಾದ ನಾನು ಊರಿನ ನೀರಿನ ಟಾಕಿ ಸೋರುತ್ತಿರುವುದನ್ನೂ ಹಾಗೇ ಹೇಳಿದೆ.

ಬೆಳಗಾವಿಯಲ್ಲಿ, ಹಿಂದವಾಡಿಯ ಆಫೀಸಿನಲ್ಲಿ, ನಮ್ಮ ಪಕ್ಷದ ವಿಡಿಯೊ ಮಾಡುವ ಜಾಣನೊಬ್ಬನಿದ್ದಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಭಾಷಣವನ್ನು ಕತ್ತರಿಸಿ ಕನ್ನಡಕ್ಕೊಂದು, ಮರಾಠಿಗೊಂದು ರೀಲ್ ಮಾಡಿದ. ಎರಡಕ್ಕೂ ಢಂ ಢಂ ಸಂಗೀತ. ಕನ್ನಡದ್ದನ್ನಷ್ಟೇ ನೋಡಿ ಮರಾಠಿಯವರು ಬೈದರು, ಮರಾಠಿಯದ್ದನ್ನಷ್ಟೇ ನೋಡಿ ಕನ್ನಡದವರು ಬೈದರು. ಇಬ್ಬರಿಗೂ ನಾನು ದ್ರೋಹಿ. ನನ್ನ ಸೀರೆ, ಮೂಗು, ತವರು ಯಾವುದನ್ನೂ ಬಿಡಲಿಲ್ಲ. ಟಾಕಿಯ ಸುದ್ದಿ ಒಬ್ಬರೂ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಪಕ್ಷದ ಮುಖಂಡರು ಆಫೀಸಿಗೆ ಕರೆಸಿದರು. "ಅಕ್ಕಾರ, ಎರಡೂ ತಗದು, ಕೈ ಮುಗದು ತಪ್ಪಾತು ಅಂತ ಒಂದು ವಿಡಿಯೊ ಹಾಕ್ರಿ. ಇಲ್ಲಾಂದ್ರ ತಾಲೂಕು ಪಂಚಾಯ್ತಿ ಟಿಕೆಟ್ ಮರತಬಿಡ್ರಿ."

ಆ ಟಿಕೆಟ್ ನನಗೆ ಬೇಕಿತ್ತು. ಖರೇ ಹೇಳುತ್ತೇನೆ, ಬಹಳ ಬೇಕಿತ್ತು.

ಮರಳುವಾಗ ಬಸ್ಸಿನಲ್ಲಿ ಮತ್ತೆ ಕಾಮೆಂಟು ಓದುತ್ತ ಕೂತೆ. ಎಲ್ಲಕ್ಕಿಂತ ಹೊಲಸು ಬೈಗುಳದ ಪಕ್ಕ, ಬೈದವನ ಪ್ರೊಫೈಲ್ ಚಿತ್ರದಲ್ಲಿ ಜೋಡೆತ್ತು. ಗುರುತು ಹತ್ತಿತು. ಅವು ನನ್ನ ಗಂಡನ ಚಿಕ್ಕಪ್ಪನ ಮಗನ ಎತ್ತುಗಳು. ಖಾನಾಪುರದಲ್ಲಿ ಇಳಿದವಳು ನೆಟ್ಟಗೆ ಅವನ ಮನೆಗೇ ಹೋದೆ.

"ಬರ್ರಿ ವೈನಿ, ಕುಂದರ್ರಿ," ಎಂದು ತಾನೇ ನೀರು ತಂದುಕೊಟ್ಟ, ಚಹಾಕ್ಕೆ ಒಳಗೆ ಹೇಳಿದ. ನಾನು ಫೋನನ್ನು ಅವನ ಮುಖಕ್ಕೆ ಹಿಡಿದೆ.

"ಇದನ್ನ ನನ್ನ ಮುಂದ ಓದು."

ಅವನ ಮುಖ ಹುಳ್ಳಗಾಯಿತು. "ಅದು ಮೊಬೈಲ್‌ನಾಗಿನ ಮಾತ ವೈನಿ. ಎಲ್ಲಾರೂ ಬೈಯಾಕತ್ತಿದ್ರು, ನಾನೂ ಒಂದ ಬೈದೆ. ತಡೀರಿ, ಅಳಸ್ತೀನಿ."

"ಅಳಸಬ್ಯಾಡ. ನೀ ಬೈದದ್ದೂ ಇರಲಿ, ನಾ ಮಾತಾಡಿದ್ದೂ ಇರಲಿ," ಎಂದೆ. ಚಹಾ ಬಂತು. ಬಿಡಲಿಲ್ಲ, ಕುಡಿದೇ ಎದ್ದೆ.

ಮನೆ ಮುಟ್ಟಿದವಳೇ ಅಂಗಳದಲ್ಲಿ ನಿಂತು ವಿಡಿಯೊ ಮಾಡಿದೆ. ಸಂಗೀತವಿಲ್ಲ, ಕತ್ತರಿಯಿಲ್ಲ. "ನಾ ತಪ್ಪಾತು ಅನ್ನಂಗಿಲ್ಲ. ಟಾಕಿ ಇನ್ನೂ ಸೋರಾಕತ್ತೈತಿ. ಬೈಯಾವ್ರು ನಮ್ಮ ಮನಿಗಿ ಬರ್ರಿ, ಎದುರಿಗೆ ಕುಂತು ಬೈರಿ." ಅದನ್ನೇ ಮರಾಠಿಯಲ್ಲೂ ಹೇಳಿ, ಎರಡನ್ನೂ ಕೂಡಿಸಿಯೇ ಹಾಕಿದೆ.

ಸ್ವಲ್ಪ ಹೊತ್ತಿಗೆ ಮುಖಂಡರ ಫೋನು ಬಂತು. "ಏನ್ ಮಾಡಿದ್ರಿ ಅಕ್ಕಾರ! ಟಿಕೆಟ್ ಹೋತಲ್ರಿ!"

"ಹೋಗ್ಲಿ ಬಿಡ್ರಿ," ಎಂದೆ. "ಪಕ್ಷೇತರ ನಿಂದರ್ತೀನಿ."