ಒಂದು ಗೇಣು ನೇಯ್ಗೆ

ರೇಷ್ಮೆ ಸೀರೆಯ ಹಳೆಯ ಮಡಿಕೆ ಬಿಚ್ಚಿದಾಗ ಏಳುವ ವಾಸನೆಗೆ ಕೊಳ್ಳೇಗಾಲದ ನಮ್ಮ ಮಗ್ಗದ ಮನೆ ಇಂದಿಗೂ ಕಣ್ಣೆದುರು ಬರುತ್ತದೆ. ಎಂಬತ್ತರ ದಶಕದ ಆ ಮನೆಯಲ್ಲಿ ಎಲ್ಲಕ್ಕೂ ಹೊತ್ತು ಗೊತ್ತಿತ್ತು. ಬೆಳಿಗ್ಗೆ ಐದಕ್ಕೆ ಅಪ್ಪ ಮಗ್ಗದ ಗುಂಡಿಗೆ ಇಳಿಯುತ್ತಿದ್ದ, ಅವ್ವ ಅಡ್ಡನೂಲು ಹಾಯಿಸುವ ಲಾಳಿಗೆ ನೂಲು ಸುತ್ತಿಕೊಡುತ್ತಿದ್ದಳು. ನಮ್ಮಲ್ಲಿ ಸುತ್ತುವುದಷ್ಟೇ ಹೆಂಗಸಿನ ಕೆಲಸ. ಅಪ್ಪನಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ನೆರೆಯವರು ಮಜ್ಜಿಗೆ ಕೇಳಲು ಬಂದರೂ ತನ್ನ ಅಂಚಿನ ಚಿತ್ತಾರ ಕದಿಯಲು ಬಂದರೆಂದೇ ಎಣಿಸಿ ಮಗ್ಗಕ್ಕೆ ಪಂಚೆ ಹೊದಿಸುತ್ತಿದ್ದ. ನೂಲನ್ನು ಒತ್ತುವ ಏಟು ಒಬ್ಬೊಬ್ಬ ನೇಕಾರನದು ಒಂದೊಂದು ತರಹ, ಮುಟ್ಟಿದರೆ ಗೊತ್ತಾಗುತ್ತದೆ ಎನ್ನುತ್ತ ದಿನವೂ ಸಂಜೆ ನೇಯ್ಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ.

ನನಗೆ ಹತ್ತು ವರ್ಷವಿದ್ದಾಗ ಅಪ್ಪ ನೆಂಟರ ಸಾವಿಗೆಂದು ಹನೂರಿಗೆ ಹೋಗಿ ಮರುದಿನ ಬಂದ. ಮಿಂದವನೇ ಮಗ್ಗ ನೋಡಿದ. ನೇಯ್ಗೆ ಒಂದು ಗೇಣು ಹೆಚ್ಚಿತ್ತು.

"ಇದು ನನ್ನೇಟಲ್ಲ ಕಣಮ್ಮಿ. ಯಾರ್ನ ಕೂರ್ಸಿದ್ದೆ ಮಗ್ಗದ್ ಮ್ಯಾಲೆ?"

"ಬೆಕ್ಕು ಕುಂತಿತ್ತೇನೋ," ಎಂದಳು ಅವ್ವ.

"ನಿಮ್ಮಪ್ಪನ ಮನೇಲಿ ಬೆಕ್ಕುಗಳೇ ಸೀರೆ ನೇಯ್ತಿದ್ವಾ?"

ಅನುಮಾನ ಎದುರುಮನೆಯ ನೇಕಾರನ ಮೇಲೆ ಹೊರಳಿತು. ಕೇಳಿಯೇ ಬರುತ್ತೇನೆಂದು ಅಪ್ಪ ಎದ್ದ. ಹಾಗೆ ಕೇಳಿದರೆ ಬೀದಿಯವರು ಅವ್ವನ ಬಗ್ಗೆ ಏನೆಂದುಕೊಳ್ಳುತ್ತಾರೆಂದು ಆ ವಯಸ್ಸಿಗೂ ನನಗೆ ಹೊಳೆಯಿತು. ಹಿಂದಿನ ಮಧ್ಯಾಹ್ನ ಅವ್ವ ಕದ ಹಾಕಿಕೊಂಡು, ಇಷ್ಟು ವರ್ಷ ನೋಡಿಯೇ ಕಲಿತು, ತಾನೇ ನೇಯ್ದದ್ದನ್ನು ನಾನು ಕಂಡಿದ್ದೆ. ಸುಳ್ಳಾಡಬಾರದೆಂದು ಬೆಳೆಸಿದ್ದರು. ಆದರೂ ನಾನೇ ನೇಯ್ದೆ ಅಂದುಬಿಟ್ಟೆ.

"ಅಂಗಾರೆ ಇಳಿ, ನಾಕೆಳೆ ನೇಯಿ."

ಗುಂಡಿಯಲ್ಲಿ ತುಳಿಯುವ ಹಲಗೆಗೆ ಕಾಲು ಎಟುಕಲಿಲ್ಲ, ಏಟು ಸಡಿಲ ಬಿತ್ತು. ಅಪ್ಪ ನನ್ನ ನಾಲ್ಕೆಳೆ ಬಿಚ್ಚಿ, ಆ ಗೇಣಿನ ಮೇಲೆ ಮತ್ತೆ ಹೆಬ್ಬೆರಳು ಆಡಿಸಿ, ಅವ್ವನ ಕೈಗಳನ್ನೇ ನೋಡಿದ.

"ಅದ್ನೂ ಬಿಚ್ಚಾಕ್ಲಾ?" ಎಂದಳು ಅವ್ವ.

"ಬ್ಯಾಡ. ನನ್ಗಿಂತ ಬಿಗಿಯಾಗದೆ."

ನಾನು ಅದನ್ನು ಹೊಗಳಿಕೆ ಅಂದುಕೊಂಡೆ. ಆದರೆ ಮುಂದಿನ ಸಲ ಯಳಂದೂರಿಗೆ ಹೊರಟಾಗ ಅಪ್ಪ ಲಾಳಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಆಮೇಲೆ ಪ್ರತಿ ಸಲವೂ.

ಅವ್ವ ತೀರಿಕೊಂಡ ಮೇಲೆ, ಎರಡು ಸಾವಿರದ ನಾಲ್ಕರಲ್ಲಿ, ಮಗ್ಗ ಕಳಚಿ ಗುಂಡಿ ಮುಚ್ಚಿದೆವು. ಐದಕ್ಕೆ ಏಳುವುದು, ಹಾಕಿದ ಬೀಗವನ್ನು ಮತ್ತೆ ಎಳೆದು ನೋಡುವುದು ನನಗೆ ಅಪ್ಪನಿಂದ ಬಂತು. ನನ್ನ ಮಗಳು ಏನು ಕಲಿಯುತ್ತೇನೆಂದರೂ ಬೇಡ ಅನ್ನದೆ ಇದ್ದದ್ದು ಮಾತ್ರ ನನ್ನದೇ ತೀರ್ಮಾನ. ಅವ್ವನ ಗೇಣಿದ್ದ ಆ ಸೀರೆ ಯಾರ ಕೈಗೆ ಮಾರಿಹೋಯಿತೋ ಗೊತ್ತಿಲ್ಲ. ಮದುವೆಮನೆಯ ಹೆಂಗಸರ ಸಾಲಿನಲ್ಲಿ ನಮ್ಮೂರಿನ ಹಳೆಯ ಸೀರೆ ಉಟ್ಟವರು ಪಕ್ಕದಲ್ಲಿ ಕೂತರೆ, ಹೆಸರು ಕೇಳುವ ಮೊದಲೇ ನನ್ನ ಹೆಬ್ಬೆರಳು ಅವರ ಸೆರಗಿನ ಮೇಲಿರುತ್ತದೆ. ಅವರು ಅನುಮಾನದಿಂದ ನೋಡಿ ಸೆರಗು ಎಳೆದುಕೊಳ್ಳುತ್ತಾರೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಅಂಥದೊಂದು ಸೀರೆ ಇದ್ದರೆ ಒಮ್ಮೆ ಮುಟ್ಟಿ ನೋಡಿ. ಎಲ್ಲಾದರೂ ಒಂದು ಗೇಣು, ಮಿಕ್ಕದ್ದಕ್ಕಿಂತ ಬಿಗಿಯಾಗಿರಬಹುದು.